ಆ್ಯಶ್‌ಬರ್ನ್ ಹಡಗಿನ ಒಂಬತ್ತು ಮಂದಿ

ಸಮುದ್ರವನ್ನೇ ನೋಡದವಳಿಗೆ ಹಡಗಿನ ಮೇಲೆ ಪಿಎಚ್‌ಡಿ ಯಾಕೆ ಬೇಕಿತ್ತು ಅಂತ ನನ್ನನ್ನು ಕೇಳದವರು ಸಿಂದಗಿಯಲ್ಲಿ ಯಾರೂ ಉಳಿದಿಲ್ಲ. ಸ್ಟಾಫ್ ರೂಮಿನಲ್ಲಿ ಕೇಳಿದರು, ಬಸ್ಸಿನಲ್ಲಿ ಕೇಳಿದರು, ಮದುವೆಯ ಪಂಕ್ತಿಯಲ್ಲಿ ಕೂತು ಹೋಳಿಗೆ ತಿನ್ನುತ್ತಾ ಕೇಳಿದರು. "ಊರಿಗೆ ನೀರಿನ ಟ್ಯಾಂಕರ ಬರೂದ ಎರಡ ದಿನಕ್ಕೊಮ್ಮೆ, ಈಕಿ ಹಡಗಿನ ಮ್ಯಾಲ ಬರ್ಯಾಕತ್ತಾಳ ನೋಡ್ರಿ" ಅಂತ ನನ್ನ ಸ್ವಂತ ಕಾಕಾ ನಕ್ಕ. ನಗಲಿ ಬಿಡಿ. ಅವನು ಬರೆದದ್ದು ಏನಿದೆ, ರೇಷನ್ ಕಾರ್ಡಿನ ಅರ್ಜಿ ಒಂದು ಬಿಟ್ಟು?

ನನ್ನ ಹೆಸರು ವಿಜಯಶ್ರೀ. ಊರು ಸಿಂದಗಿ ತಾಲೂಕಿನ ಯಂಕಂಚಿ. ಸಿಂದಗಿಯ ಒಂದು ಕಾಲೇಜಿನಲ್ಲಿ ಹನ್ನೆರಡು ವರ್ಷದಿಂದ ಇತಿಹಾಸದ ಅತಿಥಿ ಉಪನ್ಯಾಸಕಿ. ಅತಿಥಿಯಂತೆ! ಹನ್ನೆರಡು ವರ್ಷ ಒಂದೇ ಮನೆಯಲ್ಲಿ ಉಂಡವರನ್ನು ಯಾರಾದರೂ ಅತಿಥಿ ಅಂತಾರೇನು? ಹೋದ ವರ್ಷ ಹೊಸ ನಿಯಮ ಬಂತು. ಪಿಎಚ್‌ಡಿ ಇಲ್ಲದವರಿಗೆ ಬರುವ ಜೂನ್‌ನಿಂದ ಪಾಠವಿಲ್ಲ. ಪ್ರಬಂಧ ಸಲ್ಲಿಸಿದ ರಸೀದಿ ತೋರಿಸಿದರೆ ಪಟ್ಟಿಯಲ್ಲಿ ನನ್ನ ಹೆಸರು ಉಳಿಸುತ್ತೇನೆ ಅಂತ ಪ್ರಾಚಾರ್ಯರು ಮಾತು ಕೊಟ್ಟಿದ್ದರು. ನನ್ನ ನೋಂದಣಿಯೋ, ಎರಡು ಸಲ ಅವಧಿ ವಿಸ್ತರಿಸಿಕೊಂಡು ಕೊನೆಗೆ ಬಂದು ನಿಂತಿತ್ತು. ಮಾರ್ಚ್ ಮೂವತ್ತು, ಸೋಮವಾರ, ಸಂಜೆ ಐದು ಗಂಟೆ. ಆಮೇಲೆ ಏಳು ವರ್ಷದ ದುಡಿತ ರದ್ದಿ ಅಂಗಡಿಗೆ. ಗಂಡ ತೀರಿಕೊಂಡು ಐದು ವರ್ಷ. ಮಗಳು ಸಾಕ್ಷಿ ಆರನೇ ಇಯತ್ತೆ. ಮನೆಯಲ್ಲಿ ದುಡಿಯುವ ಕೈ ನನ್ನದೊಂದೇ.

ಹಡಗಿನ ಹೆಸರು ಆ್ಯಶ್‌ಬರ್ನ್. ಇಂಗ್ಲಿಷರ ಐವತ್ತು ತೋಪಿನ ಯುದ್ಧನೌಕೆ. ೧೭೦೬ರಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ ಕಟ್ಟಿ ನೀರಿಗಿಳಿಸಿದರು. ಮೊದಲ ಏಳು ವರ್ಷ ಫ್ರೆಂಚರ ಜೊತೆ ಯುದ್ಧ. ಯುದ್ಧ ಅಂದರೆ ಗುಂಡು ಹಾರಿಸಿದ್ದು ಕಡಿಮೆ, ವ್ಯಾಪಾರಿಗಳ ಸರಕಿನ ಹಡಗುಗಳ ಹಿಂದೆ ಕಾವಲು ತಿರುಗಿದ್ದೇ ಹೆಚ್ಚು. ಪೋರ್ಚುಗಲ್ಲಿನ ಹತ್ತಿರ ಒಮ್ಮೆ ಮಾತ್ರ ಎರಡು ಫ್ರೆಂಚ್ ಹಡಗು ಎದುರಾಗಿ, ಹಾಯಿ ಕಟ್ಟುವ ನಡುಗಂಬ ಮುರಿದುಕೊಂಡು, ನಲವತ್ತು ಹೆಣ ನೀರಿಗೆ ಹಾಕಿ, ಹೇಗೋ ತಪ್ಪಿಸಿಕೊಂಡು ಬಂತು. ಆಮೇಲೆ ಬಾಲ್ಟಿಕ್ ಸಮುದ್ರದ ಚಳಿ. ಆಮೇಲೆ ಮೂರು ವರ್ಷ ದುರಸ್ತಿ. ಆಮೇಲೆ ಮುಂಬಯಿ. ಮುಂಬಯಿಯಿಂದ ತಿರುಗಿ ಹೋದ ಮೇಲೆ ಹಾಯಿ, ಕಂಬ ಎಲ್ಲಾ ಕಿತ್ತು, ಬಂದರಿನಲ್ಲೇ ಕಟ್ಟಿಹಾಕಿ, ರೋಗಿಗಳನ್ನು ಮಲಗಿಸುವ ತೇಲುವ ದವಾಖಾನೆ ಮಾಡಿದರು. ೧೭೪೯ರಲ್ಲಿ ಒಡೆದು ಕಟ್ಟಿಗೆ ಮಾರಿದರು. ನಲವತ್ಮೂರು ವರ್ಷದ ನೌಕರಿ, ಪೆನ್ಶನ್ ಇಲ್ಲ. ಇಷ್ಟು ಓದಿದಾಗಲೇ ನನಗೆ ಅದರ ಮೇಲೆ ಅಕ್ಕರೆ ಬಂದುಬಿಟ್ಟಿತ್ತು.

ನೀರು ಅಂತ ನಾನು ನೋಡಿದ್ದು ಕೊಲ್ಹಾರದ ಸೇತುವೆಯ ಮೇಲೆ ನಿಂತು ಕೃಷ್ಣೆಯ ಹಿನ್ನೀರು, ಅಷ್ಟೇ. ಹಡಗಿನ ಉದ್ದ ನೂರಾ ಮೂವತ್ತು ಅಡಿ. ಅದು ಎಷ್ಟು ಅಂತ ಕಣ್ಣಿಗೆ ಕಾಣಲಿ ಅಂತ ಯಂಕಂಚಿಯ ನಮ್ಮ ಓಣಿಯಲ್ಲಿ ನಾನೂ ಅಪ್ಪನೂ ಟೇಪು ಹಿಡಿದು ಅಳೆದೆವು. ನೀರಿನ ಟಾಕಿಯಿಂದ ಬುದ್ಧವಿಹಾರದ ಮೆಟ್ಟಿಲಿನ ತನಕ ಬಂತು. ಅಪ್ಪ ಟೇಪಿನ ತುದಿ ಹಿಡಿದುಕೊಂಡೇ ಕೇಳಿದ, "ಇಷ್ಟರಾಗ ಮುನ್ನೂರು ಮಂದಿ ಹ್ಯಾಂಗ ಮಲಗತಿದ್ದರವಾ?"

"ಜೋಳಿಗಿ ಕಟಗೊಂಡು, ಒಬ್ಬರ ಮಗ್ಗಲಿಗೆ ಒಬ್ಬರು."

"ಥೂ, ಹೊಲಸ ಬಾಳೇ ಹೌದು" ಅಂದ. ಆದರೆ ಆವತ್ತಿನಿಂದ ಆ ಹಡಗು ಅವನದೂ ಆಯಿತು.

ವಿಷಯ ಕೊಟ್ಟವರು ನನ್ನ ಮಾರ್ಗದರ್ಶಕರು, ಇಂಡಿ ಊರಿನ ಅನಂತ ಸರ್. ಅವರ ಸ್ನೇಹಿತರೊಬ್ಬರು ಲಂಡನ್ನಿನಲ್ಲಿ ಹಡಗಿನ ದಿನಚರಿ ಮತ್ತು ಹಾಜರಿ ಪಟ್ಟಿಯ ಬಿಡಿ ಹಾಳೆಗಳ ಫೋಟೋ ತೆಗೆದುಕೊಟ್ಟಿದ್ದರು. ಐನೂರು ಚಿಲ್ಲರೆ ಫೋಟೋ, ಎಲ್ಲಾ ಹಿಂದುಮುಂದು, ನಡುವೆ ನೂರಾರು ಹಾಳೆ ಇಲ್ಲವೇ ಇಲ್ಲ. ಅವನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ತಾರೀಖು ನೋಡಿ ನೋಡಿ ನಾನೇ ಜೋಡಿಸಿದೆ. ಪಡಸಾಲೆಯಲ್ಲಿ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಚಿಮಟಿಗೆ ಸಿಕ್ಕಿಸಿ, ವರ್ಷಕ್ಕೊಂದು ಸಾಲು. ಸಾಲಿನ ಮೊದಲಿಗೆ ಜನವರಿ, ಕೊನೆಗೆ ಡಿಸೆಂಬರ್. ಇನ್ನು ಹೇಗೆ ಜೋಡಿಸುತ್ತಾರೆ, ನೀವೇ ಹೇಳಿ.

ಇಲ್ಲಿ ಅಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ಅಪ್ಪ ಭೀಮಶ್ಯಾ ಸಿಂದಗಿಯ ಕಚೇರಿಯೊಂದರಲ್ಲಿ ಜವಾನನಾಗಿದ್ದವನು. ಬೌದ್ಧ ದೀಕ್ಷೆ ತಗೊಂಡ ದಿನವೇ ಮನೆಯ ಗೋಡೆಯ ಮೇಲಿದ್ದ ಪಂಚಾಂಗ ಕಿತ್ತು ಒಲೆಗೆ ಹಾಕಿದ. ತಿಥಿ, ನಕ್ಷತ್ರ, ರಾಹುಕಾಲ, ಯುಗಾದಿ ಫಲ, ಯಾವುದೂ ನಮ್ಮ ಹೊಸ್ತಿಲು ದಾಟಲಿಲ್ಲ. "ನಮ್ಮ ವರ್ಷ ಜನವರಿ ಒಂದಕ್ಕ ಸುರು, ಅದೂ ಕೋರೆಗಾಂವದಾಗ ಸುರು" ಅನ್ನುತ್ತಿದ್ದ. ಪ್ರತಿ ವರ್ಷ ಅವತ್ತಿಗೆ ಭೀಮಾ ಕೋರೆಗಾಂವದ ವಿಜಯಸ್ತಂಭಕ್ಕೆ ಟೆಂಪೋ ಹಿಡಿದು ಹೋಗುತ್ತಿದ್ದ. ೧೮೧೮ರ ಜನವರಿ ಒಂದಕ್ಕೆ ಅಲ್ಲಿ ಇಂಗ್ಲಿಷರ ಪಡೆಯಲ್ಲಿ ಕಾದಿದ ಸೈನಿಕರ ಹೆಸರು ಆ ಕಂಬದ ಮೇಲೆ ಕೆತ್ತಿದ್ದಾರೆ, ಎಷ್ಟೋ ಹೆಸರುಗಳ ಕೊನೆಗೆ 'ನಾಕ' ಅಂತ ಬರುತ್ತದೆ. ಅದು ನಮ್ಮ ಮಂದಿಯ ಹೆಸರು. ಐದು ವರ್ಷದವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಒಂದೊಂದಾಗಿ ಓದಿಸಿದ್ದ.

ಹೀಗಿರುವಾಗ ೧೭೨೨ರ ನವೆಂಬರಿನ ಹಾಜರಿ ಪಟ್ಟಿಯಲ್ಲಿ, ಇಂಗ್ಲಿಷ್ ಹೆಸರುಗಳ ಕೆಳಗೆ ನನಗೆ ಕಂಡದ್ದು ಏನು? ಸಿದನಾಕ. ರಾಮನಾಕ. ಯೇಸನಾಕ. ಒಟ್ಟು ಒಂಬತ್ತು ಮಂದಿ. ಮುಂಬಯಿಯಲ್ಲಿ ಹಡಗು ಹತ್ತಿದವರು, ನೀರು ಹೊರಹಾಕುವ ಪಂಪಿನ ಕೆಲಸಕ್ಕೆ. ನಾನು ಕೂತಲ್ಲೇ ಅತ್ತುಬಿಟ್ಟೆ. ಕೋರೆಗಾಂವಕ್ಕಿಂತ ತೊಂಬತ್ತೈದು ವರ್ಷ ಮೊದಲು, ಸಮುದ್ರದ ಮೇಲೆ ನಮ್ಮವರು!

ಅವರ ಬಗ್ಗೆ ಇನ್ನೊಂದೇ ಒಂದು ಹಾಳೆ ಇತ್ತು. ಅದು ದಿನಚರಿಯ ಹಾಳೆ, ೧೭೨೨ರ ಫೆಬ್ರುವರಿ ಹತ್ತೊಂಬತ್ತು. ಮುಂಬಯಿಯಿಂದ ಹತ್ತಿದ ಒಂಬತ್ತು ಮಂದಿಯಲ್ಲಿ ಇಬ್ಬರಿಗೆ ಸಿಡುಬು ಎದ್ದಿದೆ, ಒಂಬತ್ತೂ ಜನರನ್ನು ಗಿಡಮರವಿಲ್ಲದ ಒಂದು ಬಂಡೆಯ ನಡುಗಡ್ಡೆಯಲ್ಲಿ ಇಳಿಸಿದ್ದೇವೆ, ಎರಡು ಪೀಪಾಯಿ ನೀರು, ಒಂದು ಚೀಲ ಅಕ್ಕಿ, ಹರಿದ ಹಾಯಿಬಟ್ಟೆ ಕೊಟ್ಟಿದ್ದೇವೆ, ಕಾರವಾರದ ಕೆಲಸ ಮುಗಿಸಿ ಬಂದು ಕರೆದೊಯ್ಯುತ್ತೇವೆ. ಇಷ್ಟೇ.

ನನ್ನ ಹಗ್ಗದ ಮೇಲೆ ಫೆಬ್ರುವರಿ ಮೊದಲು, ನವೆಂಬರ್ ಆಮೇಲೆ. ಅಂದರೆ ನಡುಗಡ್ಡೆಯಲ್ಲಿ ಬಿಟ್ಟುಹೋದವರು ಒಂಬತ್ತು ತಿಂಗಳಾದ ಮೇಲೆ ಮುಂಬಯಿಯಲ್ಲಿ ಮತ್ತೆ ಅದೇ ಹಡಗು ಹತ್ತಿದ್ದಾರೆ. ಒಂಬತ್ತಕ್ಕೆ ಒಂಬತ್ತೂ ಬದುಕಿದ್ದಾರೆ! ನನ್ನ ಪ್ರಬಂಧದ ನಾಲ್ಕನೇ ಅಧ್ಯಾಯ ಪೂರ್ತಿ ಅದೇ. ಮೊದಲ ಸಲ ಹಡಗು ಹತ್ತಿದ ದಾಖಲೆ ಯಾಕಿಲ್ಲ? ಆ ಹಾಳೆ ಕಳೆದಿರಬೇಕು ಅಂತ ಬರೆದೆ. ಫೆಬ್ರುವರಿಯಲ್ಲಿ ಕಪ್ತಾನ ಅಂತ ಸಹಿ ಮಾಡಿದವನೇ ನವೆಂಬರಿನಲ್ಲಿ ಕೆಳಗಿನ ಹುದ್ದೆಯಲ್ಲಿ ಹೇಗಿದ್ದಾನೆ? ಹಿಂಬಡ್ತಿ ಆಗಿರಬೇಕು ಅಂತ ಬರೆದೆ. ಬರೆಯುವಾಗ ಪೆನ್ನು ಒಂದು ಕ್ಷಣ ನಿಂತದ್ದು ನಿಜ. ನಿಂತ ಪೆನ್ನನ್ನು ನಾನೇ ಮುಂದಕ್ಕೆ ನೂಕಿದೆ.

ಅಪ್ಪನಂತೂ ಆ ಒಂಬತ್ತು ಮಂದಿಯ ಕಥೆ ಹೇಳದ ಸಭೆ ಇಲ್ಲ. ಮುದ್ದೇಬಿಹಾಳದಲ್ಲಿ ಹೇಳಿದ, ಬಾಗೇವಾಡಿಯಲ್ಲಿ ಹೇಳಿದ. "ಬಂಡಿಗಲ್ಲಿನ ಮ್ಯಾಲ ಬಿಟ್ಟ ಹ್ವಾದ್ರೂ ಸಾಯಲಿಲ್ಲರಿ ನಮ್ಮವರು. ಹೊಳ್ಳಿ ಬಂದ್ರು!" ಅನ್ನುವಾಗ ಅವನ ದನಿ ಏರುತ್ತಿತ್ತು, ಮಂದಿ ಚಪ್ಪಾಳೆ ಹೊಡೆಯುತ್ತಿದ್ದರು.

ಕೊನೆಯ ಗುರುವಾರ ಇಂಡಿಗೆ ಹೋದೆ. ಪ್ರಬಂಧ ಕೆಂಪು ರೆಕ್ಸಿನ್ನಿನಲ್ಲಿ ಬೈಂಡ್ ಆಗಿತ್ತು. ಕೃತಿಚೌರ್ಯ ತಪಾಸಣೆಯ ಪ್ರಮಾಣಪತ್ರವೂ ಬಂದಿತ್ತು. ಅನಂತ ಸರ್ ಸಹಿ ಒಂದೇ ಬಾಕಿ. ಅವರ ಮನೆಯಲ್ಲಿ ರಾಮನವಮಿ, ನನಗೂ ಪಾನಕ ಕೊಟ್ಟರು. ಸ್ಟೀಲ್ ಲೋಟದಲ್ಲೇ ಕೊಟ್ಟರು, ನಾನು ನೋಡಿಕೊಂಡೆ, ನೋಡಿಕೊಳ್ಳುವ ಚಟ ನಮಗೆ ಬಿಡುವುದಿಲ್ಲ. ಸರ್ ಅವರ ತಾಯಿ ರುಕ್ಮಿಣೀಬಾಯಿ, ಎಂಬತ್ತು ದಾಟಿದ ಮುದುಕಿ, ಗೋಡೆಗೆ ಒರಗಿ ಕೂತು ಅರಳೆಯ ಹೂಬತ್ತಿ ಮಾಡುತ್ತಿದ್ದರು. ಸರ್ ಸಹಿ ಮಾಡಿ ಪೆನ್ನಿನ ಟೋಪಿ ಹಾಕಿದ ಮೇಲೆ ಆಕೆ, "ಏನ ಬರದಿ ಹೇಳವಾ, ನಾನೂ ಕೇಳ್ತೀನಿ" ಅಂದರು.

ಖುಷಿಯಲ್ಲಿದ್ದೆ, ಹೇಳಿದೆ. ಫೆಬ್ರುವರಿ, ನಡುಗಡ್ಡೆ, ನವೆಂಬರ್, ಮುಂಬಯಿ. ಕಪ್ತಾನನ ಹಿಂಬಡ್ತಿಯನ್ನೂ ಹೇಳಿದೆ. ಆಕೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು.

"ಅವರ ಯುಗಾದಿ ಯಾವಾಗ ಬರ್ತದ?"

"ಯಾರದ್ರಿ ಅಜ್ಜಿ?"

"ಆ ಹಡಗಿನವರದವಾ. ನಮ್ಮಲ್ಲಿ ಶಿವರಾತ್ರಿ ಹಳೇ ಸಂವತ್ಸರದ ಲೆಕ್ಕಕ್ಕ ಹೋಗ್ತದ. ದೀಪಾವಳಿ ಮೊದಲ, ಶಿವರಾತ್ರಿ ಆಮ್ಯಾಲೆ, ಎರಡೂ ಅದ ವರ್ಷದಾಗ. ಯುಗಾದಿ ಆದ ಮ್ಯಾಲೇ ಹೊಸಾದು. ಅವರದೂ ಹಂಗ ಇದ್ದರ, ನಿನ್ನ ನವೆಂಬರ ಮೊದಲ ಆಗ್ತದಲ್ಲ?"

ನಾನು ನಕ್ಕೆ. "ಅವರು ಇಂಗ್ಲಿಷರ್ರಿ ಅಜ್ಜಿ, ಅವರಿಗ್ಯಾವ ಯುಗಾದಿ" ಅಂದು ಸರ್ ಕಡೆ ನೋಡಿದೆ. ಸರ್ ನಗಲಿಲ್ಲ. ಎದ್ದು ಹೋಗಿ ಕಪಾಟಿನಿಂದ ಒಂದು ಹಳೇ ಪುಸ್ತಕ ತೆಗೆದರು, ಪುಟ ತಿರುವಿದರು, ಮುಚ್ಚಿದರು.

"ಸರ್?"

"೧೭೫೨ರ ತನಕ ಇಂಗ್ಲಿಷರ ವರ್ಷ ಮಾರ್ಚ್ ಇಪ್ಪತ್ತೈದಕ್ಕ ಶುರು ಆಗ್ತಿತ್ತು, ವಿಜಯಶ್ರೀ" ಅಂದರು, ನೆಲ ನೋಡುತ್ತಾ. "ನಾನ ಎಂ.ಎ. ಮಕ್ಕಳಿಗೆ ಪಾಠ ಮಾಡೀನಿ ಇದನ್ನ. ನಿನ್ನ ಅಧ್ಯಾಯ ಓದೂ ಮುಂದ ನೆನಪ ಆಗಲಿಲ್ಲ."

ಮನಸ್ಸಿನಲ್ಲೇ ಹಗ್ಗದ ಮೇಲಿನ ಹಾಳೆ ತೆಗೆದು ಮತ್ತೆ ಸಿಕ್ಕಿಸಿದೆ. ಅಂದರೆ ೧೭೨೨ರ ನವೆಂಬರ್ ಆದ ಮೇಲೆ ಡಿಸೆಂಬರ್, ಆಮೇಲೆ ಜನವರಿ, ಫೆಬ್ರುವರಿ. ಅವೂ ೧೭೨೨ರವೇ. ಮಾರ್ಚ್ ಇಪ್ಪತ್ತೈದಕ್ಕೆ ೧೭೨೩. ಕಳೆದ ಹಾಳೆಯೇ ಇಲ್ಲ. ಹಿಂಬಡ್ತಿಯೇ ಇಲ್ಲ, ಕೆಳಗಿನವನಿಗೆ ಆಮೇಲೆ ಬಡ್ತಿ ಸಿಕ್ಕಿದೆ. ಎಲ್ಲಾ ಸರಿಯಾಗಿ ಕೂತುಕೊಂಡಿತು, ಹಾಳಾದದ್ದು, ಎಷ್ಟು ಸರಿಯಾಗಿ ಕೂತುಕೊಂಡಿತು ಅಂದರೆ ಕಿರುಚಬೇಕು ಅನ್ನಿಸಿತು. ಒಂಬತ್ತು ಮಂದಿ ನವೆಂಬರಿನಲ್ಲಿ ಹಡಗು ಹತ್ತಿದರು. ಫೆಬ್ರುವರಿಯಲ್ಲಿ ಅವರನ್ನು ಬಂಡೆಯ ಮೇಲೆ ಇಳಿಸಿದರು. ಮುಂದೆ? ೧೭೨೩ರ ಏಪ್ರಿಲ್‌ನ ಹಾಳೆ ನನಗೆ ಬಾಯಿಪಾಠ ಇತ್ತು. ಬಿರುಗಾಳಿಗೆ ಕಂಬ ಸೀಳಿ ಹಡಗು ಕಾರವಾರದಿಂದ ನೇರ ಮುಂಬಯಿಗೆ ಬಂದಿದೆ, ಅಲ್ಲಿಂದ ಇಂಗ್ಲೆಂಡಿಗೆ ಹೊರಟಿದೆ. ಆ ನಡುಗಡ್ಡೆಯ ಸುದ್ದಿ ಮತ್ತೆ ಎಲ್ಲೂ ಇಲ್ಲ. ಆ ಒಂಬತ್ತು ಹೆಸರೂ ಇಲ್ಲ.

ಆ ಕ್ಷಣದಲ್ಲಿ ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಆ ಮುದುಕಿಯ ಮೇಲೆ ಸಿಟ್ಟು. ಏಳು ವರ್ಷ ನಾನು ಕಣ್ಣು ಹಾಳುಮಾಡಿಕೊಂಡು ಕಾಣದೇ ಹೋದದ್ದು ಆಕೆಗೆ ಬತ್ತಿ ಹೊಸೆಯುತ್ತಾ ಕಂಡಿತಲ್ಲ! ಅದೂ ಯಾವುದರಿಂದ? ನನ್ನಪ್ಪ ಒಲೆಗೆ ಹಾಕಿದ ಪಂಚಾಂಗದಿಂದ. ಆಕೆಯದೇನೂ ತಪ್ಪಿರಲಿಲ್ಲ, ಪಾಪ, "ನಾ ಏನರ ತಪ್ಪ ಮಾತಾಡಿದ್ನೇನೋ ಅನಂತಾ?" ಅಂತ ಹೆದರಿ ಕೇಳುತ್ತಿದ್ದರು. ಆದರೂ ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

"ಸರ್, ನಾಲ್ಕನೇ ಅಧ್ಯಾಯ ತಿದ್ದಿ ಬರೀತೇನ್ರಿ. ಮೂರು ದಿನ ಅದಾವ" ಅಂದೆ.

"ಆಗೂದಿಲ್ಲ. ಈ ತೀರ್ಮಾನವನ್ನೇ ವಿಶ್ವವಿದ್ಯಾಲಯದ ಸಮಿತಿ ಒಪ್ಪೇದ. ತೀರ್ಮಾನ ಬದಲಾದರ ಮತ್ತ ಸಮಿತಿ ಮುಂದ ಹೋಗಬೇಕು, ಮತ್ತ ತಪಾಸಣೆ. ಎರಡು ತಿಂಗಳ ಕೆಲಸ. ನಿನ್ನ ನೋಂದಣಿ ಸೋಮವಾರ ಮುಗೀತದ."

"ಹಂಗಾದ್ರ ಸುಳ್ಳ ಕೊಡ್ಲೇನ್ರಿ?"

ಸರ್ ಆ ಹಳೇ ಪುಸ್ತಕವನ್ನು ತಿರುಗಿ ಕಪಾಟಿನಲ್ಲಿಟ್ಟರು. ಕೆಟ್ಟ ಮನುಷ್ಯನಲ್ಲ ಅವರು. ನನ್ನ ಗಂಡ ತೀರಿಕೊಂಡ ವರ್ಷ ನನ್ನ ಫೀ ತಾವೇ ಕಟ್ಟಿದವರು. "ಕೊಡು" ಅಂದರು ಕೊನೆಗೆ. "ಪರೀಕ್ಷಕರು ಯಾರೂ ಇಷ್ಟು ಒಳಗ ಇಳಿದು ನೋಡೂದಿಲ್ಲ. ಪದವಿ ಬರಲಿ, ನೌಕರಿ ಉಳೀಲಿ. ಮುಂದ ಪುಸ್ತಕ ಮಾಡೂ ಮುಂದ ತಿದ್ದೂಣು. ಮುನ್ನೂರು ವರ್ಷದ ಹಿಂದಿನವರು, ಈಗ ಅವರಿಗೇನು ಫರಕ ಬೀಳ್ತದ?"

ನಾನು ಕೆಂಪು ಪುಸ್ತಕ ಎತ್ತಿಕೊಂಡು ಹೊರಗೆ ಬಂದೆ. ಚಪ್ಪಲಿ ಹಾಕಿಕೊಂಡದ್ದು, ಬಸ್ ಸ್ಟ್ಯಾಂಡಿಗೆ ನಡೆದದ್ದು, ಸಿಂದಗಿಯ ಬಸ್ಸು ಹತ್ತಿದ್ದು ಒಂದೂ ನೆನಪಿಲ್ಲ.

ಶುಕ್ರವಾರ ಮುಂಜಾನೆ ಯಂಕಂಚಿಗೆ ಹೋದೆ. ಅಪ್ಪ ಕಟ್ಟೆಯ ಮೇಲೆ ಕೂತು ಚಹಾ ಬಸಿಯಲ್ಲಿ ಸುರಿದುಕೊಂಡು ಕುಡಿಯುತ್ತಿದ್ದ. ಹೇಳದೆ ಮುಚ್ಚಿಡಬಹುದಿತ್ತು. ಮುಚ್ಚಿಡಬೇಕು ಅಂತಲೇ ಹೋಗಿದ್ದೆ. ಆದರೆ ಅಪ್ಪ ಬ್ಯಾಗಿನಿಂದ ಪುಸ್ತಕ ತೆಗೆದು, ಕೈ ಒರೆಸಿಕೊಂಡು, ರಟ್ಟಿನ ಮೇಲಿನ ನನ್ನ ಹೆಸರನ್ನು ಬೆರಳಿಂದ ಸವರಿದ. ನನ್ನ ಬಾಯಿ ತಡೆಯಲಿಲ್ಲ. ಎಲ್ಲಾ ಹೇಳಿಬಿಟ್ಟೆ.

ಅಪ್ಪ ಬೈಯಲಿಲ್ಲ. ಬಸಿ ಕೆಳಗಿಟ್ಟ.

"ಅಂದ್ರ ಹೊಳ್ಳಿ ಬರಲಿಲ್ಲ ಅವರು?"

"ಇಲ್ಲಪ್ಪಾ."

"ನೀರ ಎಷ್ಟ ಇತ್ತಂದಿ?"

"ಎರಡ ಪೀಪಾಯಿ."

"ದೊಡ್ಡೂವೋ ಸಣ್ಣೂವೋ?"

ನನಗೆ ಗೊತ್ತಿರಲಿಲ್ಲ. ಏಳು ವರ್ಷ ಓದಿದವಳು ನಾನು, ಪೀಪಾಯಿ ಎಷ್ಟು ದೊಡ್ಡದು ಅಂತ ನೋಡಿರಲಿಲ್ಲ. ನನ್ನ ಲೆಕ್ಕದಲ್ಲಿ ಅವರು ಬದುಕಿದ್ದರಲ್ಲ, ನೀರಿನ ಲೆಕ್ಕ ಯಾಕೆ ಬೇಕಿತ್ತು.

"ಸಣ್ಣೂವ ಇರಬೇಕು ಬಿಡು" ಅಂದ ಅಪ್ಪ. "ದೊಡ್ಡೂವು ಯಾರ ಕೊಡ್ತಾರ. ಫೆಬ್ರುವರಿ ಅಂದ್ರ ಬಿಸಲ ಸುರು. ಬಂಡಿ ಕಾಯತೈತಿ. ನೆರಳಿಗೆ ಏನಿತ್ತು?"

"ಹರಕ ಹಾಯಿಬಟ್ಟಿ."

"ಒಂಬತ್ತ ಮಂದಿಗೆ ಒಂದ. ಅದರಾಗ ಇಬ್ಬರಿಗೆ ಮೈಮ್ಯಾಲ ಎದ್ದಾವ. ನೀರ ಮೊದಲ ಅವರಿಗೇ ಕೊಟ್ಟಿರ್ತಾರ. ಇಲ್ಲಾ ಅವರಿಗೆ ಬಿಟ್ಟು ಕುಡದಿರ್ತಾರ. ಯಾವುದಂತ ಹೇಳೂದು." ಮನೆಯವರೇ ಯಾರೋ ದವಾಖಾನೆಯಲ್ಲಿದ್ದಾರೆ ಅನ್ನುವ ಹಾಗೆ ವಿಚಾರಿಸುತ್ತಿದ್ದ. "ನಾ ಬಾಗೇವಾಡ್ಯಾಗ ಎದೀ ಬಡಕೊಂಡ ಹೇಳೇನಿ, ಬಂದ್ರು ಬಂದ್ರು ಅಂತ. ಮಂದಿ ಚಪ್ಪಾಳಿ ಹೊಡದ್ರು."

"ಅಪ್ಪಾ, ಈಗ ಏನ ಮಾಡ್ಲಿ ಹೇಳು."

"ಖರೇದ ಬರಿ."

"ಖರೇದ ಬರದ್ರ ತಗೋಳೂದಿಲ್ಲ ಅವರು. ನೌಕರಿ ಹೋಗತೈತಿ. ಸಾಕ್ಷಿ ಸಾಲಿ ಹೆಂಗ? ಮನಿ ಹೆಂಗ?"

ಅಪ್ಪ ನನ್ನ ಮುಖ ನೋಡಿದ, ಬೀದಿ ನೋಡಿದ. "ನಾ ಜವಾನ ಇದ್ದಾವ. ಸಾಹೇಬ ಹೇಳಿದ ಫೈಲ್ ಹೇಳಿದ ಟೇಬಲ್ಲಿಗೆ ಒಯ್ದ ಇಟ್ಟೇನಿ. ಸುಳ್ಳ ಫೈಲೂ ಇಟ್ಟೇನಿ, ಹೊಟ್ಟಿ ಸಲುವಾಗಿ. ನನಗೇನ ಕೇಳ್ತಿ" ಅಂದು ಎದ್ದು ಒಳಗೆ ಹೋದ. ಚಹಾ ಬಸಿಯಲ್ಲೇ ಉಳಿಯಿತು.

ಶುಕ್ರವಾರ ಮಧ್ಯಾಹ್ನ ಸಿಂದಗಿಯ ಮನೆಗೆ ಬಂದವಳು ಭಾನುವಾರದ ತನಕ ಎದ್ದದ್ದು ಊಟಕ್ಕೆ ಮಾತ್ರ. ನಾಲ್ಕನೇ ಅಧ್ಯಾಯ ಹೊಸದಾಗಿ ಬರೆದೆ. ಐವತ್ತು ಪುಟವಿದ್ದದ್ದು ಇಪ್ಪತ್ಮೂರಕ್ಕೆ ಇಳಿಯಿತು. ಪೀಪಾಯಿಯ ಅಳತೆ ಹುಡುಕಿದೆ. ಸಣ್ಣದಾಗಿದ್ದರೆ ಒಂಬತ್ತು ಜನಕ್ಕೆ ಹನ್ನೆರಡು ದಿನ, ಬಿಗಿಹಿಡಿದು ಕುಡಿದರೆ ಹದಿನೆಂಟು. ಅದನ್ನೂ ಬರೆದೆ, ಅಪ್ಪನಿಗೂ ಫೋನಿನಲ್ಲಿ ಹೇಳಿದೆ. ಅನಂತ ಸರ್‌ಗೆ ಆರು ಸಲ ಫೋನ್ ಮಾಡಿದೆ. ಆರನೇ ಸಲಕ್ಕೆ ಎತ್ತಿ, "ಅದಕ್ಕ ನನ್ನ ಸಹಿ ಸಿಗೂದಿಲ್ಲ ತಾಯಿ, ನಿನ್ನ ಒಳ್ಳೇದಕ್ಕ ಹೇಳ್ತೀನಿ" ಅಂದರು. ಹಾಗಾದರೆ ಸಹಿ ಇದ್ದ ಹಾಳೆಯನ್ನೇ ಬಿಚ್ಚಿ ಹೊಸದಕ್ಕೆ ಹಾಕುತ್ತೇನೆ ಅಂತ ಹಟ ಹಿಡಿದೆ. ಭಾನುವಾರ ಸಂಜೆ ಸಿಂದಗಿಯ ಬೈಂಡರ್ ಕಡೆ ಹೋಗಿ, ಸಹಿಯ ಪುಟವನ್ನು ಕೆಂಪಿನಿಂದ ಬಿಡಿಸಿ, ಹೊಸ ಅಧ್ಯಾಯದ ಜೊತೆ ನೀಲಿ ರಟ್ಟು ಹಾಕಿಸಿದೆ. ಕೆಂಪಿನ ಬಿಚ್ಚಿದ ಜಾಗಕ್ಕೆ ಏನೂ ಅಂಟಿಸಬೇಡ ಅಂತ ಅವನಿಗೆ ಹೇಳಿದೆ. ಯಾಕೆ ಹಾಗೆ ಹೇಳಿದೆ ಅಂತ ಆಗ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಸೋಮವಾರ ವಿಜಯಪುರದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ವಿಶ್ವವಿದ್ಯಾಲಯದ ಕೌಂಟರ್ ಮುಟ್ಟುವಷ್ಟರಲ್ಲಿ ನಾಲ್ಕು ಗಂಟೆ ಹತ್ತು ನಿಮಿಷ. ಕೌಂಟರಿನಲ್ಲಿ ಜಾಹಿದ ಅಂತ ಒಬ್ಬ ಗುಮಾಸ್ತರು, ನನಗೆ ಮೊದಲಿಂದ ಪರಿಚಯ, ಒಳ್ಳೆಯ ಮನುಷ್ಯ. ನೀಲಿ ಪುಸ್ತಕ ತಗೊಂಡರು, ಪ್ರಮಾಣಪತ್ರ ಪಕ್ಕಕ್ಕಿಟ್ಟು ಪುಟ ತಿರುವಿದರು.

"ಮೇಡಂ, ತಪಾಸಣಿ ಆಗಿದ್ದು ಇನ್ನೂರ ಅರವತ್ತೆಂಟ ಪುಟಕ್ಕರಿ. ಇದರಾಗ ಇನ್ನೂರ ನಲವತ್ತೊಂದ ಅದಾವ."

"ಒಂದ ಅಧ್ಯಾಯ ತಿದ್ದೇನ್ರಿ. ತಪ್ಪಿತ್ತು."

"ತಿದ್ದಿದ್ದು ಚಲೋ ಆತು ಖರೇ. ಆದ್ರ ನಾ ತಗೊಂಡ್ರೂ ಮ್ಯಾಲಿನವರು ನಾಳೆ ವಾಪಸ್ ಒಗೀತಾರ್ರಿ. ನಾಳೆ ನಿಮ್ಮ ಅವಧಿ ಇರಂಗಿಲ್ಲ." ಅವರು ಗಡಿಯಾರ ನೋಡಿದರು. "ತಪಾಸಣಿ ಆದ ಕಾಪಿ ಐತೇನ್ರಿ ನಿಮ್ಮ ಕಡೆ?"

ಬಹಳ ಹೊತ್ತು ಅವರ ಮುಂದೆ ನಿಂತೆ. ಕಾಡಿದೆ, ಬೇಡಿದೆ. ಒಳಗಿನ ಅಧಿಕಾರಿಯ ಹತ್ತಿರ ಹೋಗಿ ಒಂಬತ್ತು ಮಂದಿಯ ಕಥೆ ಪೂರ್ತಿ ಹೇಳಿದೆ. ಅವರು ಫೈಲಿನಿಂದ ಕಣ್ಣೆತ್ತದೆ "ನಿಯಮ ಎಲ್ಲರಿಗೂ ಒಂದೇ ಅಮ್ಮಾ" ಅಂದರು. ಹೊರಗೆ ಬಂದಾಗ ನಾಲ್ಕು ಮುಕ್ಕಾಲು. ಜಾಹಿದ ಅವರು ರಸೀದಿ ಪುಸ್ತಕ ತೆರೆದಿಟ್ಟುಕೊಂಡು ಕಾಯುತ್ತಿದ್ದರು. ಉಳಿದ ಕಿಟಕಿಗಳು ಮುಚ್ಚಿದ್ದವು.

ಕೆಂಪು ಪುಸ್ತಕ ನನ್ನ ಬ್ಯಾಗಿನಲ್ಲಿತ್ತು.

ಯಾಕೆ ತಂದಿದ್ದೆ? ನೀಲಿಯನ್ನೇ ಕೊಡಬೇಕು ಅಂತ ಹೊರಟವಳು ಎರಡು ಕಿಲೋ ತೂಕದ ಕೆಂಪು ಪುಸ್ತಕವನ್ನು ಸಿಂದಗಿಯಿಂದ ಹೊತ್ತು ತಂದದ್ದು ಯಾಕೆ? ಅದನ್ನು ಯಾರೂ ಕೇಳಿಲ್ಲ, ನಾನೇ ಹೇಳುತ್ತಿದ್ದೇನೆ. ಬಸ್ಸು ಕೆಟ್ಟದ್ದು, ಸರ್ ಸಹಿ ಕೊಡದೇ ಇದ್ದದ್ದು, ಅಧಿಕಾರಿ ಕಣ್ಣೆತ್ತದೇ ಇದ್ದದ್ದು, ಇವೆಲ್ಲ ಆಮೇಲಿನ ಮಾತು. ಬ್ಯಾಗು ತುಂಬಿದ್ದು ನಾನೇ. ನೀಲಿಯಿಂದ ಸಹಿಯ ಹಾಳೆಯನ್ನು ಕೌಂಟರಿನ ಮೇಲೇ ಜಗ್ಗಿ ಕಿತ್ತೆ, ಜಾಹಿದ ಅವರ ಅಂಟಿನಿಂದಲೇ ಕೆಂಪಿಗೆ ಅಂಟಿಸಿದೆ. ಅವಸರಕ್ಕೆ ಹಾಳೆ ಸೊಟ್ಟ ಕೂತಿತು. ಅವರು ಠಸ್ಸೆ ಹೊಡೆದು ರಸೀದಿ ಹರಿದುಕೊಟ್ಟರು. "ಅಭಿನಂದನೆ ಮೇಡಂ" ಅಂದರು, ಪಾಪ, ಮನಸ್ಸಿನಿಂದಲೇ ಅಂದರು.

ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ಅಪ್ಪನ ಫೋನು ಬಂತು.

"ಕೊಟ್ಟಿಯೇನವಾ?"

"ಕೊಟ್ಟೆ."

"ತಗೊಂಡ್ರೇನು?"

"ತಗೊಂಡ್ರು. ರಸೀದಿ ಕೊಟ್ಟಾರ."

ತಗೊಂಡರು ಅಂದ ಮೇಲೆ ಯಾವುದು ಅಂತ ಅಪ್ಪನಿಗೆ ಹೇಳಬೇಕಾದ ಅಗತ್ಯವಿರಲಿಲ್ಲ. ಮೂವತ್ತು ವರ್ಷ ಕಚೇರಿಯಲ್ಲಿ ಫೈಲು ಹೊತ್ತವನು ಅವನು. "ಆತು ಬಿಡವಾ. ನೀ ಏನ ಮನಸಿಗೆ ಹಚಗೋಬ್ಯಾಡ. ಕೂಸು ಐತಿ, ಹೊಟ್ಟಿ ಐತಿ. ಊಟ ಮಾಡಿದೇನು?" ಅಂದ.

"ಇಲ್ಲಪ್ಪಾ."

"ಏನರ ತಿನ್ನು."

ಫೋನ್ ಇಡುತ್ತಾನೆ ಅಂದುಕೊಂಡೆ. ಇಡಲಿಲ್ಲ.

"ಹದಿನೆಂಟ ದಿನಾ ಅಂದಿಯಲ್ಲ, ನೀರ ಬಿಗಿಹಿಡದ ಕುಡದ್ರ?"

"ಹೂಂ."

"ಅವರು ಬಿಗಿಹಿಡದೇ ಕುಡದಿರ್ತಾರವಾ. ಹಡಗ ಹೊಳ್ಳಿ ಬರತೈತಿ ಅಂತ ಖರೇ ನಂಬಿರ್ತಾರ" ಅಂದ ಅಪ್ಪ. ಆಮೇಲೆ ಫೋನ್ ಇಟ್ಟ.